ಸಂಶೋಧಕ ಆ. ನೇ. ಉಪಾಧ್ಯೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಒಂದರ ಮಗ್ಗುಲಿಗೆ ಒಂದಾಗಿ ಹಬ್ಬಿಕೊಂಡಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಈ ನೆಲ ಕಬ್ಬಿಗೂ ತಂಬಾಕಿಗೂ ಹೆಸರಾದುದು. ಗಡಿಯಾಚೆಗೆ ಕೊಲ್ಲಾಪುರ, ಸಾಂಗಲಿ, ಮೀರಜಗಳಿವೆ. ಇಲ್ಲಿಯ ಸಂತೆಗಳಲ್ಲಿ ಕನ್ನಡ ಮರಾಠಿಗಳೆರಡೂ ಕೇಳಿಬರುತ್ತವೆ. ಎರಡನ್ನೂ ಸಲೀಸಾಗಿ ಆಡುವುದು ಇಲ್ಲಿಯವರಿಗೆ ದೊಡ್ಡ ಮಾತೇನೂ ಅಲ್ಲ. ಹಲವು ಊರುಗಳಲ್ಲಿ ಹಳೆಯ ಬಸದಿಗಳಿವೆ. ಇಂಥ ಬಸದಿಗಳಲ್ಲಿಯೂ ಮಠಗಳಲ್ಲಿಯೂ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳು ತಲೆತಲಾಂತರದಿಂದ ಉಳಿದು ಬಂದಿದ್ದವು. ವರ್ಷಕ್ಕೊಮ್ಮೆ ಶ್ರುತಪಂಚಮಿಯ ದಿನ ಶಾಸ್ತ್ರಗ್ರಂಥಗಳನ್ನು ಪೂಜಿಸುವುದು ಜೈನರಲ್ಲಿ ನಡೆದುಬಂದ ವಾಡಿಕೆ. ಆದರೆ ಪೂಜೆಗೊಂಡ ಕಟ್ಟುಗಳೆಲ್ಲ ಓದಿಗೆ ತೆರೆದುಕೊಳ್ಳುತ್ತಿರಲಿಲ್ಲ. ಒಳಗೆ ಯಾವ ಗ್ರಂಥವಿದೆ, ಬರೆದವರು ಯಾರು, ಎಂದು ಬರೆದರು ಎಂಬುದನ್ನು ಹೇಳಬಲ್ಲವರು ವಿರಳರಾಗಿದ್ದರು. ಈ ಮೌನವನ್ನು ಮುರಿಯುವುದಕ್ಕೆ ಜೀವಮಾನವನ್ನೇ ತೆತ್ತ ವಿದ್ವಾಂಸರೊಬ್ಬರು ಇದೇ ನೆಲದಲ್ಲಿ ಹುಟ್ಟಿದರು. ಅವರೇ ಡಾ. ಆದಿನಾಥ ನೇಮಿನಾಥ ಉಪಾಧ್ಯೆ.

ಚಿಕ್ಕೋಡಿ ತಾಲ್ಲೂಕಿನ ಸದಲಗಾ ದೂಧಗಂಗಾ ನದಿಯ ದಂಡೆಯ ಊರು. ಅಲ್ಲಿ 1906ನೆಯ ಇಸವಿ ಫೆಬ್ರವರಿ 6ರಂದು ಉಪಾಧ್ಯೆಯವರು ಜನಿಸಿದರು. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಉಪಾಧ್ಯೆ ಎಂಬುದು ಈ ಸೀಮೆಯ ಬಸದಿಗಳಲ್ಲಿ ಪೂಜಾಕಾರ್ಯ ನಡೆಸುವ ಮನೆತನಗಳ ಹೆಸರು. ಮನೆಯ ಮಾತು ಕನ್ನಡ, ನೆರೆಯ ಮಾತು ಮರಾಠಿ, ಬಸದಿಯಲ್ಲಿ ಕೇಳುವ ಮಂತ್ರಸ್ತೋತ್ರಗಳು ಸಂಸ್ಕೃತ ಪ್ರಾಕೃತಗಳಲ್ಲಿ. ಹೀಗೆ ಇತರರು ದೊಡ್ಡವರಾದ ಮೇಲೆ ಕಷ್ಟಪಟ್ಟು ಕಲಿಯಬೇಕಾದ ಭಾಷೆಗಳ ಸದ್ದು ಅವರ ಕಿವಿಗೆ ಎಳೆತನದಲ್ಲಿಯೇ ಬಿದ್ದಿತು. ಊರಿನ ಶಾಲೆಯ ಓದಿನ ಬಳಿಕ ಅವರು ಬೆಳಗಾವಿಯಲ್ಲಿ ಪ್ರೌಢಶಾಲೆಯ ಶಿಕ್ಷಣ ಪಡೆದರು. ಮುಂದೆ ಪ್ರಾಕೃತದ ಹಿರಿಯ ವಿದ್ವಾಂಸರಾದ ಡಾ. ಪಿ. ಎಲ್. ವೈದ್ಯರ ಮಾರ್ಗದರ್ಶನ ದೊರೆಯಿತು. 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಪಡೆದು, ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಅಲ್ಲಿ ಅವರು 1962ರ ವರೆಗೆ, ಅಂದರೆ ಮೂವತ್ತೆರಡು ವರ್ಷ ಪಾಠ ಹೇಳಿದರು.

ಪ್ರಾಕೃತವೆಂದರೇನು ಎಂಬುದನ್ನು ಇಲ್ಲಿ ತುಸು ತಿಳಿಯಬೇಕು. ಸಂಸ್ಕೃತವು ಪಂಡಿತರ ಭಾಷೆಯಾಗಿದ್ದ ಕಾಲದಲ್ಲಿ ಜನರ ಬಾಯಲ್ಲಿ ಓಡಾಡುತ್ತಿದ್ದ ನುಡಿಗಳಿಂದ ಬೆಳೆದು ಬಂದವು ಪ್ರಾಕೃತಗಳು. ಅಶೋಕನ ಬಹುಪಾಲು ಶಾಸನಗಳು ಪ್ರಾಕೃತದಲ್ಲಿವೆ. ಜೈನರ ಆಗಮಗಳು ಅರ್ಧಮಾಗಧಿ ಎಂಬ ಪ್ರಾಕೃತದಲ್ಲಿವೆ. ಕನ್ನಡದ ಸಿರಿ, ಬಸದಿ ಮುಂತಾದ ತದ್ಭವಗಳ ಹಿಂದೆಯೂ ಈ ಭಾಷೆಗಳ ಹೆಜ್ಜೆಯ ಗುರುತಿದೆ. ಇಷ್ಟು ಹಬ್ಬಿದ್ದ ಸಾಹಿತ್ಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಮಟ್ಟಿಗೆ ಅಚ್ಚನ್ನು ಕಾಣದೆ ಉಳಿದಿದ್ದಿತು.

ಓಲೆಗರಿಯಲ್ಲಿದ್ದುದನ್ನು ಹಾಗೆಯೇ ನಕಲು ಮಾಡಿ ಅಚ್ಚಿಗೆ ಕೊಟ್ಟರಾಯಿತಲ್ಲ ಎಂದು ನಮಗೆ ತೋರಬಹುದು. ಆದರೆ ಅದು ಅಷ್ಟು ಸುಲಭವಲ್ಲ. ಕವಿ ಸ್ವತಃ ಬರೆದ ಪ್ರತಿ ನಮಗೆ ದೊರೆಯುವುದು ತೀರ ಅಪೂರ್ವ. ನಮ್ಮ ಕೈಗೆ ಬರುವುದು ನಕಲಿನ ನಕಲು, ಅದರ ಮತ್ತೊಂದು ನಕಲು. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿದರೆ ನಡುವಣ ಪದ್ಯ ಮಾಯವಾಗುತ್ತದೆ. ಹಳಗನ್ನಡ ಲಿಪಿಯಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳು ಹಲವು. ಹುಳು ತಿಂದ ಕಡೆ ಯಾರೋ ತಮ್ಮ ಊಹೆಯನ್ನೇ ತುಂಬಿರುತ್ತಾರೆ. ಆದುದರಿಂದ ಸಂಪಾದಕನು ಬೇರೆ ಬೇರೆ ಊರುಗಳ ಪ್ರತಿಗಳನ್ನು ತರಿಸಿ, ಸಾಲಿಗೆ ಸಾಲನ್ನು ಹೋಲಿಸಿ, ಎಲ್ಲಿ ಭೇದವಿದೆಯೋ ಅದನ್ನು ಪಾಠಾಂತರವೆಂದು ಅಡಿಯಲ್ಲಿ ಗುರುತಿಸಿ, ಕವಿಯ ಪಾಠ ಯಾವುದಿರಬಹುದೆಂದು ನಿರ್ಣಯಿಸಬೇಕಾಗುತ್ತದೆ. ತನಗೆ ಇಷ್ಟವಾದುದನ್ನು ಆರಿಸಿಕೊಳ್ಳುವ ಹಕ್ಕು ಅವನಿಗಿಲ್ಲ. ಆರಿಸಿದುದಕ್ಕೆ ಕಾರಣ ಕೊಡುವ ಹೊಣೆಯಿದೆ.

ಈ ಕೆಲಸದಲ್ಲಿ ಉಪಾಧ್ಯೆಯವರ ಕನ್ನಡ ಅವರಿಗೆ ದೊಡ್ಡ ಆಸರೆಯಾಯಿತು. ಒಂದು ಚಿಕ್ಕ ನಿದರ್ಶನ ಸಾಕು. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ಅಕ್ಷರದ ಹಿಂದೆ ಒಂದು ಸೊನ್ನೆಯಿರುತ್ತದೆ. ಅದು ಕೆಲವೆಡೆ ಅನುಸ್ವಾರ. ಕೆಲವೆಡೆ ಮುಂದಿನ ಅಕ್ಷರವನ್ನು ಒತ್ತಿ ಓದಬೇಕೆಂಬ ಸೂಚನೆ. ಧಂಮ ಎಂದು ಬರೆದುದನ್ನು ಧಮ್ಮ ಎಂದು ಓದಬೇಕು. ಈ ರೂಢಿಯನ್ನು ಅರಿಯದ ಉತ್ತರದ ಪಂಡಿತರಿಗೆ ಇದು ತೊಡಕು. ಈ ಲಿಪಿಯ ಬಳಕೆಯಿದ್ದವರಿಗೆ ಸಹಜ. ದಕ್ಷಿಣದ ಮಠಗಳಲ್ಲಿ ಉಳಿದ ಗ್ರಂಥಗಳ ಬೀಗದ ಕೈ ಹೀಗೆ ಕನ್ನಡಿಗರ ಕೈಯಲ್ಲಿಯೇ ಇದ್ದಿತು. ಅದನ್ನು ತಿರುಗಿಸುವವರು ಬೇಕಾಗಿದ್ದರು, ಅಷ್ಟೆ.

ಅಧ್ಯಾಪಕರಾದ ಕೆಲವೇ ವರ್ಷಗಳಲ್ಲಿ ಅವರಿಗೆ ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ವರಾಂಗಚರಿತೆಯ ಓಲೆಗರಿ ದೊರೆಯಿತು. ಮೂವತ್ತೊಂದು ಸರ್ಗಗಳ ಈ ಸಂಸ್ಕೃತ ಕಾವ್ಯದ ಹೆಸರನ್ನು ವಿದ್ವಾಂಸರು ಕೇಳಿದ್ದರು, ಕಾವ್ಯವನ್ನು ಕಂಡಿರಲಿಲ್ಲ. ಅದರ ಕರ್ತೃ ಪದ್ಮಚರಿತೆಯನ್ನು ಬರೆದ ರವಿಷೇಣನೇ ಎಂಬ ನಂಬಿಕೆ ಬೆಳೆದಿದ್ದಿತು. ಜಿನಸೇನನು 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ರವಿಷೇಣನ ಸ್ತುತಿಯ ಮಗ್ಗುಲಲ್ಲಿಯೇ ಕವಿಯ ಹೆಸರಿಲ್ಲದೆ ವರಾಂಗಚರಿತೆಯ ಸ್ತುತಿ ಬರುವುದರಿಂದ ಆದ ತಪ್ಪು ಅದು. ದೊರೆತ ಓಲೆಯಲ್ಲಾದರೂ ಕವಿಯ ಹೆಸರಿತ್ತೇ ಎಂದರೆ, ಅದೂ ಇರಲಿಲ್ಲ!

ಉಪಾಧ್ಯೆಯವರು ಸಾಕ್ಷಿಗಳನ್ನು ಒಂದೊಂದಾಗಿ ಕಲೆಹಾಕಿದರು. 779ರಲ್ಲಿ ಮುಗಿದ ಕುವಲಯಮಾಲೆ ಎಂಬ ಪ್ರಾಕೃತ ಕೃತಿಯ ಆರಂಭದ ಒಂದು ಗಾಹೆಯಲ್ಲಿ ವರಾಂಗಚರಿತೆಗೂ ಪದ್ಮಚರಿತೆಗೂ ಜಡಿಯ, ರವಿಷೇಣ ಎಂಬ ಇಬ್ಬರು ಕವಿಗಳ ಹೆಸರಿದೆ. ಕನ್ನಡದಲ್ಲಿ ಪಂಪನೇ ಮೊದಲಾದ ಕವಿಗಳು ಜಟಾಚಾರ್ಯನೆಂಬ ಪೂರ್ವಕವಿಯನ್ನು ನೆನೆದಿದ್ದಾರೆ. ಚಾವುಂಡರಾಯನು 978ರಲ್ಲಿ ಬರೆದ ಪುರಾಣದಲ್ಲಿ ಜಟಾಸಿಂಹನಂದಿಯ ಹೆಸರಿನೊಡನೆ ಒಂದು ಶ್ಲೋಕವನ್ನು ಉದ್ಧರಿಸಿದ್ದಾನೆ. ಆ ಶ್ಲೋಕ ಓಲೆಯ ವರಾಂಗಚರಿತೆಯಲ್ಲಿಯೇ ಇದ್ದಿತು. ಹೀಗೆ ಉತ್ತರದ ಪ್ರಾಕೃತ ಕೃತಿಯೊಂದೂ ಕನ್ನಡದ ಪುರಾಣವೊಂದೂ ಸೇರಿ, ಹೆಸರು ಕಳೆದುಕೊಂಡಿದ್ದ ಕವಿಗೆ ಅವನ ಕಾವ್ಯವನ್ನು ಮರಳಿಸಿದವು. ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಕೊಪ್ಪಳದಲ್ಲಿ ಬಂಡೆಯ ಮೇಲೆ ಕಡೆದ ಪಾದಗಳ ಬಳಿ, ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದು ತಿಳಿಸುವ ಕನ್ನಡ ಶಾಸನವಿದೆ. ಆ ಆಚಾರ್ಯರೂ ಈ ಕವಿಯೂ ಒಬ್ಬರೇ ಇರಬಹುದೆಂಬ ಊಹೆಗೆ ಅದು ಆಧಾರವಾಯಿತು. ಕಾವ್ಯವು 1938ರಲ್ಲಿ ಮುಂಬಯಿಯಿಂದ ಪ್ರಕಟವಾಯಿತು. ಒಂದು ಸಂಸ್ಕೃತ ಕಾವ್ಯದ ಕರ್ತೃವನ್ನು ಹುಡುಕುವುದಕ್ಕೆ ಪ್ರಾಕೃತ, ಕನ್ನಡ, ಶಾಸನ ಇವೆಲ್ಲವೂ ಬೇಕಾದುದನ್ನು ಗಮನಿಸಿರಿ. ಇವುಗಳಲ್ಲಿ ಒಂದನ್ನು ಮಾತ್ರ ಬಲ್ಲ ಪಂಡಿತನಿಗೆ ಈ ದಾರಿ ಕಾಣುತ್ತಿರಲಿಲ್ಲ.

ಇದಕ್ಕೆ ಮುನ್ನವೇ, 1935ರಲ್ಲಿ, ಅವರು ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದ್ದರು. ಆ ಗ್ರಂಥಕ್ಕೆ ಅವರು ಇಂಗ್ಲಿಷಿನಲ್ಲಿ ಬರೆದ ಪೀಠಿಕೆ ನೂರು ಪುಟಗಳನ್ನು ಮೀರಿದುದು. ಆಚಾರ್ಯರ ಕಾಲ, ಕೃತಿಗಳು, ತತ್ತ್ವ, ಭಾಷೆ ಇವುಗಳನ್ನೆಲ್ಲ ಅದು ಒರೆಗೆ ಹಚ್ಚುತ್ತದೆ. 1937ರಲ್ಲಿ ಯೋಗೀಂದುವಿನ ಪರಮಾತ್ಮಪ್ರಕಾಶ ಬಂದಿತು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಅವರಿಗೆ ಡಿ.ಲಿಟ್. ಪದವಿಯನ್ನು ನೀಡಿತು. ಆಗ ಅವರಿಗೆ ಮೂವತ್ತಮೂರು ವರ್ಷ. ತರುವಾಯ ಬಂದ ಗ್ರಂಥಗಳ ಪಟ್ಟಿ ಉದ್ದವಾಗಿದೆ. ಅದನ್ನೆಲ್ಲ ಇಲ್ಲಿ ಒಪ್ಪಿಸಬೇಕಾಗಿಲ್ಲ.

ಆದರೆ ಒಂದನ್ನು ಕನ್ನಡಿಗರು ಮರೆಯುವಂತಿಲ್ಲ. ಹರಿಷೇಣನು 931-32ರಲ್ಲಿ ಬರೆದ ಬೃಹತ್ಕಥಾಕೋಶದಲ್ಲಿ 157 ಸಂಸ್ಕೃತ ಕಥೆಗಳಿವೆ. ಉಪಾಧ್ಯೆಯವರು ಅದನ್ನು 1943ರಲ್ಲಿ ಹೊರತಂದರು. ಈ ಕಥೆಗಳ ಬೇರು ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥದ ಗಾಹೆಗಳಲ್ಲಿದೆ ಎಂಬುದನ್ನು ತೋರಿಸುತ್ತ, ಅದೇ ಬೇರಿನಿಂದ ಚಿಗುರಿದ ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನೂ ಅವರು ಚರ್ಚೆಗೆ ತಂದರು. ಸುಕುಮಾರಸ್ವಾಮಿಯ ಕಥೆಯನ್ನು ಓದಿದವರಿಗೆ, ಆ ಕಥೆ ಎಷ್ಟು ನಾಡುಗಳನ್ನು ದಾಟಿ ಕನ್ನಡಕ್ಕೆ ಬಂದಿದೆಯೆಂಬುದು ಇಂಥ ಪೀಠಿಕೆಗಳಿಂದ ತಿಳಿಯುತ್ತದೆ.

ಸಾಹಿತ್ಯವನ್ನು ಓದುವವನಿಗೆ ಗಣಿತವೇಕೆ ಎಂದು ಕೇಳುವವರುಂಟು. ಉಪಾಧ್ಯೆಯವರೂ ಅವರ ಆಜೀವ ಸಹೋದ್ಯೋಗಿಯಾದ ಡಾ. ಹೀರಾಲಾಲ ಜೈನರೂ ಕೈಗೆತ್ತಿಕೊಂಡ ತಿಲೋಯಪಣ್ಣತ್ತಿ ಎಂಬ ಗ್ರಂಥವೇ ಅದಕ್ಕೆ ಉತ್ತರ. ಯತಿವೃಷಭನು ಬರೆದ ಈ ಪ್ರಾಕೃತ ಗ್ರಂಥವು ಜೈನರು ಕಲ್ಪಿಸಿದ ಮೂರು ಲೋಕಗಳ ವರ್ಣನೆ. ಅದರ ದ್ವೀಪಸಮುದ್ರಗಳನ್ನು ಇಂದಿನ ಭೂಗೋಳ ಒಪ್ಪುವುದಿಲ್ಲ, ನಿಜ. ಆದರೆ ಆ ಲೋಕಗಳನ್ನು ಅಳೆಯಲು ಬಳಸಿದ ಗಣಿತ ನಿಜವಾದ ಗಣಿತ. ವೃತ್ತದ ವ್ಯಾಸವನ್ನು ವರ್ಗಿಸಿ, ಹತ್ತರಿಂದ ಗುಣಿಸಿ, ವರ್ಗಮೂಲ ತೆಗೆದರೆ ಪರಿಧಿ ದೊರೆಯುತ್ತದೆ ಎಂಬುದು ಅದರ ಒಂದು ಸೂತ್ರ. ಜಂಬೂದ್ವೀಪದ ವ್ಯಾಸ 1,00,000 ಯೋಜನ. ಪರಿಧಿ 3,16,227 ಯೋಜನಕ್ಕೆ ತುಸು ಮೇಲೆ. ಲೆಕ್ಕ ಮಾಡಿದರೆ ನಿಮಗೂ ಅದೇ ಉತ್ತರ ಬರುತ್ತದೆ. ಪೈಯ ಬೆಲೆಯಾಗಿ ನಾವು ಇಂದು 3.1416 ಎನ್ನುತ್ತೇವೆ, ಹತ್ತರ ವರ್ಗಮೂಲ 3.1623. ವ್ಯತ್ಯಾಸ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಇಂಥ ಗ್ರಂಥದಲ್ಲಿ ಲಿಪಿಕಾರನು ಒಂದು ಅಂಕಿಯನ್ನು ತಪ್ಪಿದರೆ ವ್ಯಾಕರಣವಾಗಲಿ ಛಂದಸ್ಸಾಗಲಿ ಅದನ್ನು ಹಿಡಿದುಕೊಡದಿರಬಹುದು. ಲೆಕ್ಕ ಮಾತ್ರ ಹಿಡಿದುಕೊಡುತ್ತದೆ. ಗ್ರಂಥವು 1943ರಲ್ಲಿಯೂ 1951ರಲ್ಲಿಯೂ ಎರಡು ಭಾಗಗಳಾಗಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಸಂಪಾದಕರು ಅಲ್ಲಿಗೆ ನಿಲ್ಲಲಿಲ್ಲ. ತಮಗೆ ತಿಳಿಯದುದನ್ನು ತಿಳಿದವರಿಗೆ ಒಪ್ಪಿಸುವ ಸೌಜನ್ಯ ಅವರಲ್ಲಿದ್ದಿತು. 1958ರಲ್ಲಿ ಅದೇ ಮಾಲೆಯಲ್ಲಿ ಜಂಬೂದೀವಪಣ್ಣತ್ತಿಸಂಗಹ ಎಂಬ ಇನ್ನೊಂದು ಗ್ರಂಥ ಹೊರಬಂದಾಗ, ತಿಲೋಯಪಣ್ಣತ್ತಿಯ ಗಣಿತವನ್ನು ಕುರಿತು ಗಣಿತದ ಅಧ್ಯಾಪಕರಾದ ಲಕ್ಷ್ಮೀಚಂದ್ರ ಜೈನರ ದೀರ್ಘ ಲೇಖನವನ್ನು ಅದರೊಡನೆ ಅಚ್ಚುಮಾಡಿಸಿದರು.

ಮೂಡುಬಿದಿರೆಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಷಟ್ಖಂಡಾಗಮವನ್ನು ಧವಲಾ ಟೀಕೆಯೊಡನೆ ಹೀರಾಲಾಲರು 1939ರಿಂದ 16 ಸಂಪುಟಗಳಲ್ಲಿ ಪ್ರಕಟಿಸಿದಾಗಲೂ ಉಪಾಧ್ಯೆಯವರ ಸಹಕಾರವಿದ್ದಿತು. ಅದರಲ್ಲಿ ಅರ್ಧಚ್ಛೇದವೆಂಬ ಒಂದು ಪರಿಭಾಷೆ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಅದು ಅದರ ಅರ್ಧಚ್ಛೇದ. 32ನ್ನು ಐದು ಸಲ ಅರ್ಧಿಸಬಹುದು. ಆದುದರಿಂದ ಅದರ ಅರ್ಧಚ್ಛೇದ 5. ನೇಪಿಯರನು 1614ರಲ್ಲಿ ಜಗತ್ತಿಗೆ ಕೊಟ್ಟ ಲಾಗರಿದಮ್ಮಿನಲ್ಲಿರುವ ಭಾವನೆಗೆ ಹತ್ತಿರವಾದುದು ಇದು. ಲಖನೌದ ಗಣಿತಜ್ಞ ಅವಧೇಶ ನಾರಾಯಣ ಸಿಂಹರು ಧವಲೆಯ ಗಣಿತವನ್ನು ವಿವರಿಸಿದ ಲೇಖನ ನಾಲ್ಕನೆಯ ಸಂಪುಟದಲ್ಲಿದೆ. ಬಟ್ಟೆಯೊಳಗೆ ಕಟ್ಟಿಟ್ಟ ಓಲೆ ಬಿಚ್ಚಿದ ಮೇಲೆ ಅದು ಭಕ್ತರಿಗೆ ಮಾತ್ರವಲ್ಲದೆ ಗಣಿತಜ್ಞರಿಗೂ ಬೇಕಾದ ವಸ್ತುವಾಯಿತು.

ಉಪಾಧ್ಯೆಯವರ ಗ್ರಂಥಗಳ ಕೊನೆಯ ಪುಟಗಳನ್ನು ಬಹುಮಂದಿ ತೆರೆದು ನೋಡುವುದಿಲ್ಲ. ಅಲ್ಲಿ ಗಾಹೆಗಳ ಅಕಾರಾದಿ ಸೂಚಿ, ವಿಶೇಷ ಪದಗಳ ಸೂಚಿ, ಹೆಸರುಗಳ ಸೂಚಿ ಇರುತ್ತವೆ. ಒಂದು ಗಾಹೆ ಬೇರೆ ಯಾವ ಯಾವ ಗ್ರಂಥಗಳಲ್ಲಿ ಬಂದಿದೆ ಎಂದು ಪತ್ತೆಹಚ್ಚಲು ಇವೇ ಸಾಧನಗಳು. ಇಂದು ಗಣಕಯಂತ್ರವು ಕ್ಷಣಾರ್ಧದಲ್ಲಿ ಹುಡುಕಿಕೊಡುವುದನ್ನು ಆಗ ಕೈಯಿಂದ ಬರೆದು, ವಿಂಗಡಿಸಿ, ಅಕ್ಷರಕ್ರಮದಲ್ಲಿ ಹೊಂದಿಸಬೇಕಾಗಿದ್ದಿತು. ಕೀರ್ತಿ ತರುವ ಕೆಲಸವಲ್ಲ ಇದು. ಮುಂದಿನ ಸಂಶೋಧಕನ ಸಮಯವನ್ನು ಉಳಿಸುವುದಕ್ಕೆ ತನ್ನ ಸಮಯವನ್ನು ಕೊಡುವ ಕೆಲಸ.

ಯೌವನದಲ್ಲಿ ಜಟಾಸಿಂಹನಂದಿಯ ಸುಳಿವು ಕೊಟ್ಟ ಕುವಲಯಮಾಲೆಯನ್ನು ಇಡಿಯಾಗಿ ಸಂಪಾದಿಸುವ ಭಾಗ್ಯವೂ ಅವರದಾಯಿತು. ಉದ್ಯೋತನಸೂರಿಯು ಇಂದಿನ ರಾಜಸ್ಥಾನದ ಜಾಲೋರಿನಲ್ಲಿ ರಚಿಸಿದ ಕಥೆ ಅದು. ಮುನಿ ಜಿನವಿಜಯರು ಈ ಹೊಣೆಯನ್ನು ಉಪಾಧ್ಯೆಯವರಿಗೆ ಒಪ್ಪಿಸಿದರು. ಆಧಾರಕ್ಕೆ ಇದ್ದುವು ಎರಡೇ ಪ್ರತಿಗಳು: ಜೈಸಲ್ಮೇರದ ಓಲೆಗರಿ ಒಂದು, ಪುಣೆಯ ಕಾಗದದ ಪ್ರತಿ ಇನ್ನೊಂದು. ಎರಡರ ನಡುವೆ ಭೇದಗಳು ಹೇರಳ. ಮೂಲಪಾಠ 1959ರಲ್ಲಿ ಪ್ರಕಟವಾಯಿತು. ಪೀಠಿಕೆ ಟಿಪ್ಪಣಿಗಳ ಎರಡನೆಯ ಭಾಗ ಬಂದುದು 1970ರಲ್ಲಿ. ನಡುವೆ ಹನ್ನೊಂದು ವರ್ಷ! ಕಥೆಯ ಒಂದು ಕಡೆ ಪೇಟೆಯ ವರ್ಣನೆ ಬರುತ್ತದೆ. ಬೇರೆ ಬೇರೆ ದೇಶಗಳ ವರ್ತಕರು ಅಲ್ಲಿ ನೆರೆದಿದ್ದಾರೆ. ಒಬ್ಬೊಬ್ಬರ ಮೈಕಟ್ಟು, ಸ್ವಭಾವ, ಮಾತಿನ ಒಂದೆರಡು ತುಣುಕುಗಳನ್ನು ಕವಿ ಕೊಡುತ್ತಾನೆ. ಮಾಳವ, ಮಹಾರಾಷ್ಟ್ರ, ಆಂಧ್ರದವರ ಜೊತೆಗೆ ಕರ್ಣಾಟಕದ ವರ್ತಕನೂ ಇದ್ದಾನೆ. ನಮಗೆ ದೊರೆತ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗಕ್ಕಿಂತ ಸುಮಾರು ಎಪ್ಪತ್ತು ವರ್ಷ ಹಿಂದೆಯೇ, ಕನ್ನಡಿಗನೊಬ್ಬನ ಚಿತ್ರ ಮರುಭೂಮಿಯ ಅಂಚಿನ ಊರಿನಲ್ಲಿ ಬರೆದ ಪ್ರಾಕೃತ ಕಥೆಯಲ್ಲಿ ಉಳಿದಿರುವುದು ಸೋಜಿಗವಲ್ಲವೆ?

ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅವರು ಅಲ್ಲಿ ಕಲಾವಿಭಾಗದ ಡೀನರಾದರು. 1966ರಲ್ಲಿ ಅಲೀಗಢದಲ್ಲಿ ನಡೆದ ಅಖಿಲ ಭಾರತ ಪ್ರಾಚ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಮರುವರ್ಷ ಶ್ರವಣಬೆಳಗೊಳದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡ ಸಮ್ಮೇಳನದ ಪೀಠವೇ ಎಂದು ಯಾರಿಗಾದರೂ ಅನ್ನಿಸಿದರೆ, ಅವರು ವಡ್ಡಾರಾಧನೆಯನ್ನೂ ಜಟಾಸಿಂಹನಂದಿಯನ್ನೂ ನೆನೆಯಬೇಕು. ಹಳಗನ್ನಡದ ಮನೆ ನಿಂತ ತಳಪಾಯದ ಕಲ್ಲುಗಳಲ್ಲಿ ಕೆಲವನ್ನು ಶೋಧಿಸಿ ತೋರಿಸಿದವರು ಅವರು. 1971ರಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನಕ್ಕೆ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆದುಕೊಂಡಿತು. ಅದೇ ವರ್ಷ ಕ್ಯಾನ್‌ಬೆರಾದಲ್ಲಿಯೂ 1973ರಲ್ಲಿ ಪ್ಯಾರಿಸಿನಲ್ಲಿಯೂ ನಡೆದ ಪ್ರಾಚ್ಯವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಅವರು ಭಾಗವಹಿಸಿದರು.

ಅವರು ಬಹುಕಾಲ ಬೆನ್ನುಹತ್ತಿದ ಇನ್ನೊಂದು ವಿಷಯವಿದೆ. ಜೈನರಲ್ಲಿ ಯಾಪನೀಯವೆಂಬ ಸಂಘವೊಂದು ಇದ್ದಿತು. ಅದರ ಮುನಿಗಳು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಆದರೆ ಸ್ತ್ರೀಯರಿಗೂ ಆ ಜನ್ಮದಲ್ಲಿಯೇ ಮೋಕ್ಷವುಂಟೆಂದು ಶ್ವೇತಾಂಬರರಂತೆ ನಂಬುತ್ತಿದ್ದರು. ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಈ ಸಂಘದವನು. ಬೆಳಗಾವಿ, ಧಾರವಾಡ, ಕೊಲ್ಲಾಪುರ ಸೀಮೆಗಳಲ್ಲಿ ಬಲವಾಗಿದ್ದ ಈ ಸಂಘ ಕಾಲಕ್ರಮದಲ್ಲಿ ಹೆಸರಿಲ್ಲದಂತೆ ಅಳಿಯಿತು. ಅದರ ಬಸದಿಗಳು ಇತರರವಾದವು, ಅದರ ಗ್ರಂಥಗಳು ಇತರರ ಹೆಸರಿನಲ್ಲಿ ಸೇರಿಹೋದವು. 1933ರಲ್ಲಿ, ಅಂದರೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಉಪಾಧ್ಯೆಯವರು ಈ ಸಂಘವನ್ನು ಕುರಿತು ಲೇಖನ ಬರೆದಿದ್ದರು. ನಾಲ್ಕು ದಶಕಗಳ ಕಾಲ ಹೊಸ ಶಾಸನಗಳೂ ಹೊಸ ಗ್ರಂಥಗಳೂ ಬೆಳಕಿಗೆ ಬರುತ್ತಲೇ ಇದ್ದುವು. ತಮ್ಮ ಹಳೆಯ ಲೇಖನವೇ ಕೊನೆಯ ಮಾತೆಂದು ಅವರು ಬಗೆಯಲಿಲ್ಲ. ಅವನ್ನೆಲ್ಲ ಕೂಡಿಸಿ 1974ರಲ್ಲಿ ಅದೇ ವಿಷಯವನ್ನು ಮತ್ತೆ ಬರೆದರು. ಈ ಸಂಘದ ತೀರ ಈಚಿನ ಸಾಕ್ಷಿಗಳಲ್ಲಿ ಒಂದು ಅವರ ಹುಟ್ಟೂರಿಗೆ ದೂರವಲ್ಲದ ಕಾಗವಾಡದಲ್ಲಿಯೇ ಇದೆ. ಅಲ್ಲಿಯ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನವು ಧರ್ಮಕೀರ್ತಿ, ನಾಗಚಂದ್ರ ಎಂಬ ಯಾಪನೀಯ ಗುರುಗಳನ್ನು ಹೆಸರಿಸುತ್ತದೆ.

ಆ ಲೇಖನ ಬಂದ ಮರುವರ್ಷ, 1975ರ ಅಕ್ಟೋಬರ್ 8ರಂದು, ಡಾ. ಉಪಾಧ್ಯೆಯವರು ಕೊಲ್ಲಾಪುರದಲ್ಲಿ ನಿಧನ ಹೊಂದಿದರು. ನಿಯತಕಾಲಿಕೆಗಳಲ್ಲಿ ಚದರಿಹೋಗಿದ್ದ ಅವರ ಲೇಖನಗಳನ್ನು ಆಯ್ದು ಮೈಸೂರು ವಿಶ್ವವಿದ್ಯಾಲಯವು 1983ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿತು.